ಬೆಟಗೇರಿ ಚರ್ಚು ಕಟ್ಟಿದ್ದು ಯಾರು? (ಭಾಗ 3)

ಸ್ವೈಪ್ ಮಾಡೋಕಿಂತ ಮೊದಲು ಇದನ್ನ ಓದ್ರಿ.

ಬಾಸೆಲ್ ಮಿಷನ್ ಅಂದ್ರೆ ನಮಗೆ ನೆನಪಾಗೋದು ಕಿಟೆಲ್, ಅವರ 1894ರ ನಿಘಂಟು. ಆದ್ರೆ ಗದಗದ ಪಕ್ಕದ ಬೆಟಗೇರಿಗೆ ಮಿಷನ್‌ನವರು ಬಂದದ್ದು 1841ರಲ್ಲಿ, ಕಿಟೆಲ್ ಭಾರತಕ್ಕೆ ಬರೋ 12 ವರ್ಷ ಮೊದಲು. (ಬಾಸೆಲ್ ಇರೋದು ಸ್ವಿಟ್ಜರ್ಲೆಂಡಿನಾಗ. ಬಂದವರಲ್ಲಿ ಬಹಳ ಮಂದಿ ಜರ್ಮನ್ನರು. ಅದಕ್ಕೇ ಅಲ್ಲಿನ ಮಿಷನ್ ಆಸ್ಪತ್ರೆಗೆ ಜನ 'ಜರ್ಮನ್ ದವಾಖಾನೆ' ಅಂತಾರೆ.)

ಇತಿಹಾಸ ಹೇಳೋವಾಗ 'ಚರ್ಚ್ ಸ್ಥಾಪಿಸಿದವರು' ಅಂತ ಪಾದ್ರಿಗಳ ಹೆಸರಷ್ಟೇ ಬರ್ತದೆ. ನಾನಂತೂ ಒಪ್ಪಲ್ಲ. ಆಗ ದೀಕ್ಷಾಸ್ನಾನ ತಗೊಂಡ್ರೆ ಜಾತಿಯಿಂದ ಹೊರಗೆ. ಮನೆ, ಬಾವಿ ನೀರು, ಮಗಳಿಗೆ ಸಂಬಂಧ, ದುಡಿಮೆ, ಎಲ್ಲಾ ಬಂದ್. ಅಂಥವರಿಗೆ ಕೆಲಸ ಕೊಡಾಕಂತಲೇ ಮಿಷನ್ ಮಂಗಳೂರಿನಾಗ ನೇಯ್ಗೆ ಕಾರ್ಖಾನೆ, 1865ರಲ್ಲಿ ಹಂಚಿನ ಕಾರ್ಖಾನೆ ತೆಗೀತು. ಪಾದ್ರಿಗಳೂ ಜ್ವರ, ಕಾಲರಾಕ್ಕೆ ಸತ್ತಾರೆ, ಸುಳ್ಳಲ್ಲ. ಆದ್ರೆ ಬಿಕಾಂ ಭಾಷೆಯಲ್ಲಿ ಹೇಳ್ತೀನಿ: ಬಂಡವಾಳ ಬಾಸೆಲ್‌ದು, ನಷ್ಟ ಹೊತ್ತವರು ಊರ ಮಂದಿ.

ಮೊದಲ ಮಹಾಯುದ್ಧದಾಗ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನ ಹಿಡಿದು ಕೂಡಿಹಾಕಿದ್ರು, ಆಮೇಲೆ ವಾಪಸ್ ಕಳಿಸಿದ್ರು. ಸಭೆ ಒಡೀಲಿಲ್ಲ. ಇಲ್ಲಿನ ಉಪದೇಶಿಗಳು, ಮಾಸ್ತರರು, ಮನೆ ಹೆಣ್ಮಕ್ಕಳು ಹಿಡಕೊಂಡು ನಿಂತಿದ್ದಕ್ಕೇ ಅಲ್ವೇನು?

ನಮ್ಮ ಗುತ್ತಲದಾಗೂ ಇದೇ ಕಥಿ. ಗುತ್ತ ಅರಸರು ಎಲ್ಲರಿಗೂ ಗೊತ್ತು, ಚಂದ್ರಶೇಖರ ಗುಡಿಗೆ ಕಲ್ಲು ಹೊತ್ತವರು ಯಾರಿಗೂ ಗೊತ್ತಿಲ್ಲ. ಅವರನ್ನ ಕೇಳೋ ಕಾಲ ಹೋತು. ಚರ್ಚಿನವರದ್ದು ಇನ್ನೂ ಹೋಗಿಲ್ಲ, ಐದಾರು ತಲೆಮಾರಷ್ಟೇ. ಮಿಷನ್‌ನ ಹಳೇ ಫೋಟೋಗಳು ಬಾಸೆಲ್ ಸಂಗ್ರಹದಿಂದ ಆನ್‌ಲೈನ್‌ನಾಗ ಸಿಗ್ತಾವೆ. ನಿಮ್ಮ ಕ್ಲಾಸಿನಾಗ ಆ ಮನೆತನದವರಿದ್ರೆ, ಅವರ ಅಜ್ಜಿಗೆ ತೋರಿಸಿ ಕೇಳ್ರಿ: 'ಅಜ್ಜಿ, ಇದರಾಗ ನಿಮ್ಮವರು ಯಾರಿದ್ದಾರೆ?'