ಯಾಟ್ ಬಾಡಿಗೆ ಹಿಡಿಯೋ ಮೊದಲು ಒಂದು ಮಾತು

ಹೋದ ತಿಂಗಳು ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಗೋವಾದ ಮಾಂಡೋವಿ ನದಿ, ಸಂಜೆ ಬಿಸಿಲು, ನಡುವೆ ಹಾಲಿನಂಥ ಬಿಳಿ ಯಾಟ್. ಕೆಳಗೆ ಒಂದೇ ಸಾಲು: 'ಈ ಸಲ ಬರ್ತ್‌ಡೇ ಇದರ ಮ್ಯಾಲೆ. ಎಂಟು ಮಂದಿ ಹಂಚ್ಕೊಂಡ್ರ ಏನೂ ಭಾರ ಆಗೂದಿಲ್ಲ.'

ಗುಂಪಿನಲ್ಲಿ ಇರೋರೆಲ್ಲ ಬೆಂಗಳೂರು, ಪುಣೆ, ಹುಬ್ಬಳ್ಳಿ ಅಂತ ಚದುರಿ ಹೋದವರು. ನಾನೊಬ್ಬಳೇ ಗದಗ-ಬೆಟಗೇರಿಯಲ್ಲಿ ಉಳಿದವಳು. ಲೆಕ್ಕಪರಿಶೋಧಕರೊಬ್ಬರ ಆಫೀಸಿನಲ್ಲಿ ಕೆಲಸ. ಹಾಗಾಗಿ ದುಡ್ಡಿನ ಮಾತು ಬಂದ ಕೂಡಲೇ ಎಲ್ಲರೂ ನನ್ನ ಕಡೆ ತಿರುಗ್ತಾರೆ. 'ಲೆಕ್ಕಾ ಹಾಕಿ ಹೇಳವ್ವಾ, ಎಷ್ಟಾಗ್ತೈತಿ?'

ಸಮುದ್ರ ಕಾಣಬೇಕಂದ್ರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕಾದ ಊರಿನವಳಿಗೆ ಯಾಟಿನ ಲೆಕ್ಕ ಏನು ಗೊತ್ತು ಅಂತ ನೀವು ಕೇಳಬಹುದು. ಗೊತ್ತು. ಯಾಕೆ ಗೊತ್ತಾಯ್ತು ಅನ್ನೋದನ್ನ ಆಮೇಲೆ ಹೇಳ್ತೀನಿ. ಮೊದಲು ಲೆಕ್ಕ ಮುಗಿಸೋಣ.

ಯಾಟ್ ಬಾಡಿಗೆಯಲ್ಲಿ ಎರಡು ಮುಖ್ಯ ಬಗೆ. ಒಂದು, ದೋಣಿ ಮಾತ್ರ ಕೊಡೋದು. ಓಡಿಸೋದು ನಿಮ್ಮ ಜವಾಬ್ದಾರಿ, ಅದಕ್ಕೆ ಬೇಕಾದ ಅರ್ಹತೆಯೂ ನಿಮಗಿರಬೇಕು. ಇದಕ್ಕೆ ಬೇರ್‌ಬೋಟ್ ಅಂತಾರೆ. ಇನ್ನೊಂದು, ಕ್ಯಾಪ್ಟನ್ ಮತ್ತು ಸಿಬ್ಬಂದಿ ಸಮೇತ ಕೊಡೋದು. ಗೋವಾದಲ್ಲಿ ನಮ್ಮಂಥವರು ಗಂಟೆ ಲೆಕ್ಕದಲ್ಲಿ ಹಿಡಿಯೋದು ಈ ಎರಡನೇದು.

ಯುರೋಪಿನ ಕಡೆ ದೊಡ್ಡ ಯಾಟ್‌ಗಳು ವಾರದ ಲೆಕ್ಕದಲ್ಲಿ ಹೋಗ್ತವೆ. ಅಲ್ಲಿ ಜಾಹೀರಾತಿನಲ್ಲಿ ಕಾಣೋ ಬಾಡಿಗೆ ಬರೀ ಹಡಗಿನದು ಮತ್ತು ಸಿಬ್ಬಂದಿಯದು. ಇಂಧನ, ಊಟ, ಬಂದರಿನ ಶುಲ್ಕ ಎಲ್ಲ ಬೇರೆ. ಅದಕ್ಕಂತ ಬಾಡಿಗೆಯ ಶೇ. 30ರ ಆಸುಪಾಸು ಮುಂಗಡ ಕಟ್ಟಿಸಿಕೊಳ್ತಾರೆ. ಕ್ಯಾಪ್ಟನ್ ಅದರಿಂದ ಖರ್ಚು ಮಾಡಿ ಕೊನೆಗೆ ಲೆಕ್ಕ ಕೊಡ್ತಾನೆ. ಉಳಿದರೆ ವಾಪಸ್, ಕಡಿಮೆ ಬಿದ್ದರೆ ನೀವು ಕೊಡಬೇಕು. ಅದರ ಮೇಲೆ ತೆರಿಗೆ, ಸಿಬ್ಬಂದಿಗೆ ಟಿಪ್ಸ್. 10 ಲಕ್ಷದ ಬಾಡಿಗೆ ಅಂದುಕೊಂಡು ಹೋದವರು 14 ಲಕ್ಷ ಕೊಟ್ಟು ಬಂದರೆ ಆಶ್ಚರ್ಯ ಇಲ್ಲ.

ನಮ್ಮ ಗುಂಪಿನದು ಎರಡು ಗಂಟೆಯ ಆಟ. ಆದರೂ ಕೇಳಬೇಕಾದ ಪ್ರಶ್ನೆ ಅವೇ. ಇಂಧನ ಸೇರಿದೆಯಾ? ಜಿಎಸ್‌ಟಿ ಸೇರಿದೆಯಾ? ಹೆಚ್ಚಿನ ಅರ್ಧ ಗಂಟೆಗೆ ಎಷ್ಟು? ಹವಾಮಾನ ಕೆಟ್ಟರೆ ಮುಂಗಡ ವಾಪಸ್ ಬರುತ್ತಾ? ಎಷ್ಟು ಮಂದಿಗೆ ಪರವಾನಗಿ ಇದೆ, ಅಷ್ಟೂ ಮಂದಿಗೆ ಲೈಫ್ ಜಾಕೆಟ್ ಇದೆಯಾ?

'ಬಾಡಿಗಿ ಯಾಕ, ಒಂದು ಖರೀದೀನೇ ಮಾಡೋಣು' ಅಂದ ಒಬ್ಬ, ನಗೆಯ ಚಿಹ್ನೆ ಹಾಕಿ. ಅದಕ್ಕೂ ಲೆಕ್ಕ ಇದೆ. ಯಾಟ್ ಇಟ್ಟವರ ನಡುವೆ ಓಡಾಡೋ ಅಂದಾಜು ಏನಂದ್ರೆ, ಕೊಂಡ ಬೆಲೆಯ ಶೇ. 10ರಷ್ಟು ಪ್ರತಿ ವರ್ಷ ಅದನ್ನ ಸಾಕೋದಕ್ಕೇ ಬೇಕು. ನಿಲ್ಲಿಸೋ ಜಾಗ, ವಿಮೆ, ಬಣ್ಣ, ಎಂಜಿನ್ ರಿಪೇರಿ, ಸಿಬ್ಬಂದಿ ಪಗಾರ. ಹಡಗು ಕದಲದಿದ್ದರೂ ಈ ಖರ್ಚು ನಿಲ್ಲೋದಿಲ್ಲ. ಅದಕ್ಕೇ ಎಷ್ಟೋ ಶ್ರೀಮಂತರು ತಾವು ಬಳಸದ ತಿಂಗಳುಗಳಲ್ಲಿ ಯಾಟನ್ನ ಬಾಡಿಗೆಗೆ ಬಿಡ್ತಾರೆ.

ಮಾಲೀಕನ ಕೈ ಬಿಗಿಯಾದಾಗ ಈ ಪಟ್ಟಿಯಲ್ಲಿ ಮೊದಲು ನಿಲ್ಲೋದು ಯಾವುದು ಗೊತ್ತಾ? ಇಂಧನದವನು ದುಡ್ಡು ಕೊಡದಿದ್ದರೆ ಇಂಧನ ಹಾಕೋದಿಲ್ಲ. ವಿಮೆಯವರು ಪಾಲಿಸಿ ರದ್ದು ಮಾಡ್ತಾರೆ. ಸಿಬ್ಬಂದಿ ಮಾತ್ರ 'ಮುಂದಿನ ತಿಂಗಳು' ಅಂದ್ರೆ ಕಾಯ್ತಾರೆ.

ಇದು ನನಗೆ ಗೊತ್ತಾಗಿದ್ದು ನಮ್ಮ ಸಣ್ಣವ್ವನ ಮಗನಿಂದ.

ಸಣ್ಣವ್ವನ ಊರು ಮುಂಡರಗಿ ತಾಲೂಕು, ತುಂಗಭದ್ರೆಯ ದಂಡೆ. ನಾವು ಲಕ್ಷ್ಮೇಶ್ವರದಿಂದ ಬೇಸಿಗೆ ರಜೆಗೆ ಅಲ್ಲಿಗೇ ಹೋಗ್ತಿದ್ವಿ. ಹೊಳೆಯ ಆಚೆ ಹೂವಿನಹಡಗಲಿ ಸೀಮೆ. ವಿಜಯನಗರದ ಕಾಲಕ್ಕೆ ಅಲ್ಲಿಂದ ಹಂಪಿಗೆ ಹೂವು ಹಡಗಿನಾಗ ಹೋಗ್ತಿತ್ತಂತ, ಅದಕ್ಕೇ ಆ ಹೆಸರಂತ ಅಂತ ಅಜ್ಜಿ ಹೇಳ್ತಿದ್ಳು. ನಾವು ನೋಡಿದ ಹಡಗು ಹರಗೋಲು ಮಾತ್ರ. ತಮ್ಮ ಹತ್ತು ವರ್ಷಕ್ಕೇ ಹುಟ್ಟು ಹಾಕೋದು ಕಲಿತಿದ್ದ. ನೀರು ಅಂದ್ರೆ ಅವನಿಗೆ ಅಂಜಿಕೆ ಇಲ್ಲ.

ಡಿಗ್ರಿ ಮುಗಿಸಿ, ಹೋಟೆಲ್ ಕೆಲಸ ಕಲಿತು, ಯಾರೋ ಹೇಳಿದರಂತ ಹಡಗಿನ ಸುರಕ್ಷತಾ ಕೋರ್ಸ್ ಮಾಡಿದ. ಆಮೇಲೆ ಒಬ್ಬ ಏಜೆಂಟ್ ಸಿಕ್ಕ. ಭೂಮಧ್ಯ ಸಮುದ್ರದಲ್ಲಿ ಓಡೋ ಯಾಟ್ ಒಂದರಲ್ಲಿ ಸ್ಟೀವರ್ಡ್ ಕೆಲಸ, ತಿಂಗಳಿಗೆ 900 ಡಾಲರ್. ಏಜೆಂಟನ 'ಸರ್ವಿಸ್ ಚಾರ್ಜ್' ಬೇರೆ. ಸಣ್ಣವ್ವ ಶಿರಹಟ್ಟಿಯ ಪತ್ತಿನ ಸಂಘ ಒಂದರಲ್ಲಿ ತನ್ನ ಐದು ತೊಲೆ ಬಂಗಾರ ಅಡ ಇಟ್ಟಳು. ಕಾಗದ ಎಲ್ಲ ನನಗೆ ತೋರಿಸಿದ್ರು. ನಾನು ಬಡ್ಡಿ ಎಷ್ಟು ಅಂತ ನೋಡಿದೆ, ಸರಿ ಇದೆ ಅಂದೆ. ಏಜೆಂಟನಿಗೆ ಲೈಸೆನ್ಸ್ ಇದೆಯಾ ಅಂತ ಕೇಳಲಿಲ್ಲ. ದಿನಾ ಮಂದಿಯ ರಸೀದಿ ತಪಾಸು ಮಾಡೋಳು ನಾನು. ಮನೆಯವರ ಕಾಗದ ನೋಡುವಾಗ ಕಣ್ಣು ಮುಚ್ಚಿದ್ದೆ.

ಮೊದಲ ಐದು ತಿಂಗಳು ಎಲ್ಲ ಚಲೋ ಇತ್ತು. ನೀಲಿ ನೀರಿನ ಫೋಟೋ, ಸಣ್ಣವ್ವನ ಖಾತೆಗೆ ದುಡ್ಡು. ಆಮೇಲೆ ದುಡ್ಡು ನಿಂತಿತು. ಫೋಟೋನೂ ನಿಂತವು. ಒಂದು ರಾತ್ರಿ ಫೋನ್ ಬಂತು.

'ಅಕ್ಕಾ, ಮೂರು ತಿಂಗಳಾತು, ಪಗಾರ ಹಾಕಿಲ್ಲ. ಅವ್ವಗ ಹೇಳಬ್ಯಾಡ. ಮ್ಯಾನೇಜರ್ ಒಂದು ಕಾಗದ ಕೊಟ್ಟಾನ. ಅದಕ್ಕ ಸಹಿ ಮಾಡಿದ್ರ ಅರ್ಧಾ ಕೊಟ್ಟು ಊರಿಗೆ ಕಳಸ್ತೀನಿ ಅಂತಾನ.'

'ಊಟ?'

'ಐತಿ. ಅಕ್ಕಿ, ಪಾಸ್ತಾ. ಎಸಿ ಬಂದ್ ಮಾಡ್ಯಾರ.'

ನಾನು ಅಂದ ಮೊದಲ ಮಾತು ಇದು: 'ಸಹಿ ಮಾಡು. ಸಿಕ್ಕಷ್ಟು ತಗೊಂಡು ಬಾ.'

ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಅರ್ಧ ಅಂದ್ರೆ 1,350 ಡಾಲರ್. ಅದರಲ್ಲಿ ಬಂಗಾರ ಬಿಡಿಸೋಕೆ ಆಗೋದಿಲ್ಲ. ಕೂತು ಮೊಬೈಲಿನಲ್ಲಿ ಹುಡುಕಿದೆ. ಹುಡುಕ್ತಾ ಸಿಕ್ಕಿದ್ದು ನಮ್ಮ ರಾಜ್ಯದ ಮಂದಿಗೆಲ್ಲ ಗೊತ್ತಿರೋ ಒಂದು ಹೆಸರು: ವಿಜಯ್ ಮಲ್ಯ. ಹಡಗಿನ ಹೆಸರು 'ಇಂಡಿಯನ್ ಎಂಪ್ರೆಸ್'.

95 ಮೀಟರ್ ಉದ್ದದ ಯಾಟ್ ಅದು. 2000ದಲ್ಲಿ ಡಚ್ ಕಂಪನಿ ಓಷಿಯಾನ್ಕೋ ಕಟ್ಟಿದ್ದು, 2006ರಲ್ಲಿ ಮಲ್ಯ ಕೊಂಡರು. ಅದಕ್ಕೂ ಮೊದಲು ಹಾಲಿವುಡ್ಡಿನ ರಿಚರ್ಡ್ ಬರ್ಟನ್, ಎಲಿಜಬೆತ್ ಟೇಲರ್ ದಂಪತಿ ಬಳಸಿದ್ದ, 1906ರಲ್ಲಿ ಕಟ್ಟಿದ 'ಕಾಲಿಜ್ಮಾ' ಕೂಡ ಅವರ ಬಳಿ ಇತ್ತು. ಆ ಹಡಗುಗಳ ಮೇಲಿನ ಪಾರ್ಟಿ ಫೋಟೋಗಳನ್ನ ನಾವು ಶಾಲೆಯಲ್ಲಿದ್ದಾಗ ಪೇಪರಿನಲ್ಲಿ ನೋಡಿದ್ವಿ. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಆಮೇಲಿನ ಕಥೆ ಅಷ್ಟು ಮಂದಿಗೆ ನೆನಪಿಲ್ಲ.

ಹಡಗಿನ ಮೇಲೆ 40ಕ್ಕೂ ಹೆಚ್ಚು ಸಿಬ್ಬಂದಿ ಇದ್ದರು. ಬ್ರಿಟನ್ನಿನವರು, ಪೂರ್ವ ಯುರೋಪಿನವರು, ನಮ್ಮ ದೇಶದವರು. 2017ರ ಸೆಪ್ಟೆಂಬರ್‌ನಿಂದ ಪಗಾರ ಬಾಕಿ. ಬಾಕಿ ಬೆಳೆದು 10 ಲಕ್ಷ ಡಾಲರ್ ದಾಟಿತು. ನಾಟಿಲಸ್ ಇಂಟರ್‌ನ್ಯಾಷನಲ್ ಅನ್ನೋ ನಾವಿಕರ ಸಂಘ ಅವರ ಪರ ನಿಂತಿತು. 2018ರ ಮಾರ್ಚ್‌ನಲ್ಲಿ ಮಾಲ್ಟಾ ದೇಶದಲ್ಲಿ ಆ ಹಡಗನ್ನೇ ಜಪ್ತಿ ಮಾಡಲಾಯಿತು. ಹೌದು, ಹಡಗನ್ನೇ. ಕಡಲ ಕಾನೂನಿನಲ್ಲಿ ಪಗಾರದ ಬಾಕಿ ಮಾಲೀಕನ ಬೆನ್ನು ಹತ್ತೋದಲ್ಲದೆ ಹಡಗಿಗೂ ಅಂಟಿಕೊಳ್ಳುತ್ತೆ. ಮಾಲೀಕ ಯಾವ ದೇಶದಲ್ಲಿ ಕೂತಿದ್ದರೂ ಸರಿ, ಹಡಗು ಕೈಗೆ ಸಿಕ್ಕರೆ ಅದನ್ನ ಮಾರಿ ಪಗಾರ ವಸೂಲಿ ಮಾಡಬಹುದು.

ಹರಾಜಿನಲ್ಲಿ ಮೊದಲು 4.35 ಕೋಟಿ ಯೂರೋಗೆ ಕೂಗಿದವರು ದುಡ್ಡು ಕಟ್ಟಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮತ್ತೆ ಹರಾಜಾಗಿ 3.5 ಕೋಟಿ ಯೂರೋಗೆ ಹೋಯಿತು. ಆದರೆ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಹರಾಜಿಗೂ ಮೊದಲೇ ಸಿಬ್ಬಂದಿಗೆ 6 ಲಕ್ಷ ಡಾಲರ್‌ಗೂ ಹೆಚ್ಚು ಸಿಕ್ಕಿತ್ತು. ಎಲ್ಲಿಂದ? ವಿಮೆಯಿಂದ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಕಡಲ ಕಾರ್ಮಿಕ ಒಪ್ಪಂದಕ್ಕೆ ಒಂದು ತಿದ್ದುಪಡಿ ಆಗಿ, 2017ರ ಜನವರಿ 18ರಿಂದ ಜಾರಿಗೆ ಬಂತು. ಮಾಲೀಕ ಸಿಬ್ಬಂದಿಯನ್ನ ನಡುನೀರಿನಲ್ಲಿ ಕೈಬಿಟ್ಟರೆ ಊಟ, ಊರಿಗೆ ಮರಳೋ ಖರ್ಚು ಮತ್ತು ನಾಲ್ಕು ತಿಂಗಳವರೆಗಿನ ಪಗಾರ ಕೊಡೋಕೆ ವಿಮೆಯೋ ಅಂಥದ್ದೇ ಭದ್ರತೆಯೋ ಇರಲೇಬೇಕು. ಎರಡು ತಿಂಗಳ ಪಗಾರ ಬಾಕಿ ಉಳಿದರೂ ಅದು ಕೈಬಿಟ್ಟ ಲೆಕ್ಕವೇ. ಆ ಭದ್ರತೆಯ ಪ್ರಮಾಣಪತ್ರವನ್ನ ಹಡಗಿನೊಳಗೆ ಎಲ್ಲರಿಗೂ ಕಾಣೋ ಹಾಗೆ ಅಂಟಿಸಿರಬೇಕು.

ಒಂದು ಕೊಕ್ಕೆ ಇದೆ. ಈ ಒಪ್ಪಂದ ವ್ಯಾಪಾರಕ್ಕೆ ಬಳಸೋ ಹಡಗುಗಳಿಗೆ. ಮಾಲೀಕ ತನ್ನ ಮೋಜಿಗೆ ಮಾತ್ರ ಇಟ್ಟುಕೊಂಡ ಖಾಸಗಿ ಯಾಟ್ ಇದರೊಳಗೆ ಬರೋದಿಲ್ಲ. ಬಾಡಿಗೆಗೆ ಓಡೋದು ಬರುತ್ತೆ. ಅಂದ್ರೆ ನಮ್ಮ ಹುಡುಗನ ನಾಲ್ಕು ತಿಂಗಳ ಪಗಾರ ನಿಂತಿದ್ದು, ಆ ಯಾಟನ್ನ ಯಾರಾದರೂ ಬಾಡಿಗೆಗೆ ಹಿಡಿದಿದ್ದರಾ ಅನ್ನೋದರ ಮೇಲೆ.

ಬೆಳಗಿನ ಐದಕ್ಕೆ ಫೋನ್ ಮಾಡಿದೆ. 'ಸಹಿ ಮಾಡಿದೇನು?'

'ಇಲ್ಲಕ್ಕಾ. ಪೆನ್ನು ಕೈಯಾಗ ಹಿಡದಿದ್ದೆ. ಮುಂಜಾನೆ ಮಾಡಿದ್ರಾತು ಅಂತ ಇಟ್ಟೆ.'

'ಮಾಡಬ್ಯಾಡ. ನಿಮ್ಮ ಯಾಟ್ ಬಾಡಿಗಿಗೆ ಹೋಗಿತ್ತೇನು?'

'ಜುಲೈದಾಗ ಎರಡು ಪಾರ್ಟಿ ಬಂದಿದ್ರು.'

'ಒಳಗ ಎಲ್ಲೆರೆ ಗ್ವಾಡಿಗೆ ವಿಮಾ ಸರ್ಟಿಫಿಕೇಟ್ ಹಚ್ಯಾರೇನ್ ನೋಡು.'

ಹತ್ತು ನಿಮಿಷಕ್ಕೆ ಫೋಟೋ ಬಂತು. ಸಿಬ್ಬಂದಿ ಊಟ ಮಾಡೋ ಕೋಣೆಯ ಬೋರ್ಡಿನ ಮೇಲೆ, ಪಾಳಿಯ ಪಟ್ಟಿಯ ಕೆಳಗೆ ಅರ್ಧ ಮುಚ್ಚಿತ್ತು. ಎಂಟು ತಿಂಗಳಿಂದ ದಿನಾ ಅದರ ಮುಂದೆ ಕೂತು ಉಂಡಿದ್ದ.

ಮುಂದಿನ ಕೆಲಸ ನನ್ನದೇ ಕಸುಬು. ಕೆಲಸದ ಒಪ್ಪಂದದ ಪ್ರತಿ, ಪಗಾರ ಚೀಟಿ, ಸಣ್ಣವ್ವನ ಪಾಸ್‌ಬುಕ್, ಅವನು ಬರೆದಿಟ್ಟ ದಿನಗಳ ಲೆಕ್ಕ, ಎಲ್ಲ ಒಂದು ಕಡತ ಮಾಡಿದೆ. ವಿಮಾ ಕಂಪನಿಗೆ, ಹಡಗು ನೋಂದಣಿಯಾದ ದೇಶದ ಕಚೇರಿಗೆ, ನಾವಿಕರ ಅಂತರರಾಷ್ಟ್ರೀಯ ಸಂಘಟನೆ ಐಟಿಎಫ್‌ನ ಬಂದರು ಇನ್‌ಸ್ಪೆಕ್ಟರಿಗೆ, ಮುಂಬೈನ ನೌಕಾಯಾನ ಮಹಾನಿರ್ದೇಶನಾಲಯಕ್ಕೆ ಇಮೇಲ್ ಹೋಯಿತು. ಹಡಗಿನ ಇನ್ನೂ ನಾಲ್ಕು ಮಂದಿ ತಮ್ಮ ಕಾಗದ ಸೇರಿಸಿದರು. ಯಾರೂ ಸಹಿ ಮಾಡಲಿಲ್ಲ, ಯಾರೂ ಇಳಿಯಲಿಲ್ಲ. ಮಾಲ್ಟಾದಲ್ಲೂ ಕೆಲವರು ತಮ್ಮ ಹಕ್ಕಿಗೆ ಧಕ್ಕೆ ಬಂದೀತು ಅಂತ ಹಡಗಿನಲ್ಲೇ ಉಳಿದಿದ್ದರು ಅನ್ನೋದು ಇವರಿಗೆ ಧೈರ್ಯ ಕೊಟ್ಟಿತು.

ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಸಣ್ಣವ್ವನ ಮುಂದೆ ನಾನು ಸುಳ್ಳು ಹೇಳಿದೆ. 'ಬ್ಯಾಂಕಿನ ಸರ್ವರ್ ತೊಂದರೆ' ಅಂದೆ. ಅವಳು ನಂಬಿದ ಹಾಗೆ ಇದ್ದಳು.

ಕೊನೆಗೆ ಬಂದಿದ್ದು ನಾಲ್ಕು ತಿಂಗಳ ಪಗಾರ, 3,600 ಡಾಲರ್, ಮತ್ತು ಊರಿಗೆ ಟಿಕೆಟ್. ಬಾಕಿ ಐದು ತಿಂಗಳದಿತ್ತು. ಐದನೇದಕ್ಕೆ ಹಡಗಿನ ಮೇಲೆ ದಾವೆ ಹೂಡಬೇಕು. 900 ಡಾಲರಿಗೆ ಪರದೇಶದ ವಕೀಲರನ್ನ ಹಿಡಿಯೋ ತಾಕತ್ತು ನಮಗಿರಲಿಲ್ಲ. ಅದು ಇವತ್ತಿಗೂ ಬಂದಿಲ್ಲ. ಏಜೆಂಟನ ಫೋನ್ ಆಗಲೇ ಬಂದ್ ಆಗಿತ್ತು. ಬಂಗಾರ ಬಿಡಿಸಿದ್ವಿ, ಆದರೆ ಬಡ್ಡಿ ನಾನು ಕಟ್ಟಿದೆ. ಕಟ್ಟಬೇಕಾದವಳು ನಾನೇ ಅಂತ ನನಗನ್ನಿಸಿತ್ತು.

ನಿಮ್ಮ ಮನೆಯಲ್ಲೋ ಗೆಳೆಯರಲ್ಲೋ ಹಡಗಿನ ಕೆಲಸಕ್ಕೆ ಹೊರಟವರಿದ್ದರೆ ಇಷ್ಟು ನೋಡಿ. ನಾವಿಕರನ್ನ ಕಳಿಸೋ ಏಜೆಂಟನಿಗೆ ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಅನ್ನೋ ಲೈಸೆನ್ಸ್ ಇರಬೇಕು. ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ. ಕೆಲಸ ಕೊಡಿಸಿದ್ದಕ್ಕಂತ ನಾವಿಕರಿಂದ ದುಡ್ಡು ಕೇಳೋ ಹಾಗಿಲ್ಲ. ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಹಡಗು ಖಾಸಗಿಯೋ ಬಾಡಿಗೆಯದೋ, ಯಾವ ದೇಶದ ಧ್ವಜ ಅಂತ ಹೊರಡೋ ಮೊದಲೇ ಕೇಳಿ. ಒಪ್ಪಂದದ ಒಂದು ಪ್ರತಿ ಮನೆಯಲ್ಲಿರಲಿ. ಹತ್ತಿದ ಮೊದಲ ದಿನವೇ ಆ ಪ್ರಮಾಣಪತ್ರದ ಫೋಟೋ ತೆಗೆದು ಕಳಿಸಲಿ. ನಮ್ಮ ದೇಶದಲ್ಲೂ 2017ರ ನೌಕಾ ಕಾಯ್ದೆ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಡಗಿನ ಮೇಲಿನ ಹಕ್ಕುಗಳ ಸಾಲಿನಲ್ಲಿ ಅದು ಸಿಬ್ಬಂದಿ ಪಗಾರವನ್ನ ಮೊದಲು ಇಟ್ಟಿದೆ. ಮಂಗಳೂರು, ಕಾರವಾರದ ನೀರಿನಲ್ಲಿರೋ ಹಡಗನ್ನ ಜಪ್ತಿ ಮಾಡೋ ಅಧಿಕಾರ ನಮ್ಮ ಕರ್ನಾಟಕ ಹೈಕೋರ್ಟಿಗೂ ಇದೆ.

ಗೆಳೆಯರ ಗುಂಪಿಗೆ ಲೆಕ್ಕ ಕಳಿಸಿದೆ. ತಲೆಗೆ ಎಷ್ಟು ಬೀಳ್ತದೆ, ಏನೇನು ಕೇಳಬೇಕು, ಎಲ್ಲ ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದೆ: 'ಟಿಪ್ಸ್ ಆಫೀಸಿನಾಗ ಕೊಡಬ್ಯಾಡ್ರಿ, ಹುಡುಗರ ಕೈಯಾಗ ಕೊಡ್ರಿ.' ಹೋಗಿ ಬಂದರು. ಫೋಟೋ ಚಂದ ಬಂದಿವೆ.

ತಮ್ಮ ಒಂದು ವರ್ಷ ಊರಲ್ಲಿದ್ದು ಮತ್ತೆ ಹಡಗು ಹತ್ತಿದ್ದಾನೆ. ಈ ಸಲ ಲೈಸೆನ್ಸ್ ಇರೋ ಏಜೆನ್ಸಿ. ಒಪ್ಪಂದದ ಪ್ರತಿ ನನ್ನ ಆಫೀಸಿನ ಡ್ರಾವರಿನಲ್ಲಿದೆ. ಪ್ರತಿ ತಿಂಗಳು ಒಂದನೇ ತಾರೀಖು ಸಣ್ಣವ್ವ ಫೋನ್ ಮಾಡ್ತಾಳೆ. ಆರಾಮದಿಯಾ ಅಂತಲೂ ಕೇಳೋ ಮೊದಲು ಅವಳು ಕೇಳೋದು ಒಂದೇ ಮಾತು:

'ಬಂತೇನವ್ವಾ?'

ಈ ತಿಂಗಳದ್ದು ಬಂದಿದೆ.