ಹದಿನಾಲ್ಕು ಸೂಜಿಯ ಭಯಕ್ಕೆ ಉತ್ತರ ಬೇಕು

ನಾಯಿ ಕಚ್ಚಿದರೆ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಎಂಬ ಮಾತನ್ನು ಕೇಳದೆ ಬೆಳೆದವರು ಬೀಡಿ, ಖಾನಾಪುರ, ನಂದಗಡದ ಕಡೆ ವಿರಳ. ಆ ಸೂಜಿಗಳು ನಿಂತು ಎರಡು ದಶಕಗಳು ಕಳೆದಿವೆ. ಆದರೂ ಅವುಗಳ ಭಯ ಅಜ್ಜಿಯರಿಂದ ತಾಯಂದಿರಿಗೆ, ತಾಯಂದಿರಿಂದ ಮಕ್ಕಳಿಗೆ ಇಳಿದು ಬಂದಿದೆ. ಅದರ ಜೊತೆಗೆ ಇನ್ನೊಂದು ಮಾತೂ ಮೆಲುದನಿಯಲ್ಲಿ ಬರುತ್ತದೆ: ಆ ಸೂಜಿ ಮಾಡಿಸಿಕೊಂಡವರಲ್ಲಿ ಕೆಲವರ ಕಾಲೇ ಬಿದ್ದುಹೋದವು. ವಿದ್ಯಾವಂತರು ಇದನ್ನು ಮೌಢ್ಯವೆಂದು ತಳ್ಳಿಹಾಕುವುದುಂಟು. ಆದರೆ ಈ ಭಯಕ್ಕೆ ನಿಜವಾದ ಆಧಾರವಿತ್ತು. ಆ ಸತ್ಯವನ್ನು ಜನರಿಗೆ ಬಿಡಿಸಿ ಹೇಳದೆ ಹೋದುದರಿಂದಲೇ ಇಂದಿನ ಸುರಕ್ಷಿತ ಲಸಿಕೆಯೂ ಅನುಮಾನಕ್ಕೆ ಗುರಿಯಾಗಿದೆ ಎಂಬುದು ನನ್ನ ಅಭಿಪ್ರಾಯ.

ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಆದ್ದರಿಂದಲೇ ಮನುಷ್ಯ ಎಲ್ಲ ಕಾಲದಲ್ಲೂ ಇದಕ್ಕೆ ಮದ್ದು ಹುಡುಕಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ ಹಚ್ಚಿದರು. ಯುರೋಪಿನ ಕಥೋಲಿಕ ಸೀಮೆಗಳಲ್ಲಿ ಸಂತ ಹ್ಯೂಬರ್ಟರ ಕೀಲಿಕೈ ಎಂದು ಕರೆಯುವ ಕಬ್ಬಿಣವನ್ನು ಕಾಯಿಸಿ ಗಾಯದ ಮೇಲೆ ಇಟ್ಟರು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ತಮ್ಮ ಲಸಿಕೆ ಕೊಡಿಸಿದಾಗ ಈ ಹುಡುಕಾಟಕ್ಕೆ ಮೊದಲ ಫಲ ದೊರೆಯಿತು. ರೋಗ ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ಆ ಲಸಿಕೆಯನ್ನು ಸಿದ್ಧಪಡಿಸಿದ್ದರು.

ಭಾರತದಲ್ಲಿ 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯಾಧಿಕಾರಿ ಇನ್ನೂ ಸುಲಭವಾದ ವಿಧಾನವನ್ನು ಕಂಡುಹಿಡಿದರು. ರೋಗಾಣು ಬೆಳೆದ ಪ್ರಾಣಿಯ ಮಿದುಳನ್ನು ಅರೆದು, ಫಿನಾಲ್ ಸೇರಿಸಿ ರೋಗಾಣುವನ್ನು ಕೊಲ್ಲುವುದು ಆ ವಿಧಾನ. ನಮ್ಮ ದೇಶದಲ್ಲಿ ಇದಕ್ಕೆ ಕುರಿಯ ಮಿದುಳು ಬಳಕೆಯಾಯಿತು. ಖರ್ಚು ಕಡಿಮೆ, ತಯಾರಿಕೆ ಸರಳ. ಇದರಿಂದ ಅಸಂಖ್ಯ ಜೀವಗಳು ಉಳಿದವು ಎಂಬುದನ್ನು ಮರೆಯುವಂತಿಲ್ಲ. ಆದರೆ ದಿನಕ್ಕೊಂದರಂತೆ ಹೊಟ್ಟೆಗೆ ಚುಚ್ಚುತ್ತಿದ್ದ ಆ ಮದ್ದಿನಲ್ಲಿ ಸತ್ತ ರೋಗಾಣುವಿನ ಜೊತೆಗೆ ಕುರಿಯ ಮಿದುಳಿನ ಅಂಶವೂ ಮನುಷ್ಯನ ಮೈಸೇರುತ್ತಿತ್ತು. ತೊಂದರೆಯ ಮೂಲ ಇದ್ದುದು ಅಲ್ಲಿಯೇ.

ಕೆಲವರಿಗೆ ಕೊನೆಯ ಸೂಜಿಗಳ ಹೊತ್ತಿಗೆ, ಇಲ್ಲವೇ ಅದಾದ ಕೆಲವೇ ದಿನಗಳಲ್ಲಿ, ಜ್ವರ ಬಂದು ಕಾಲು ಜೋಮುಗಟ್ಟುತ್ತಿತ್ತು, ಮೂತ್ರ ಕಟ್ಟುತ್ತಿತ್ತು, ಕೈಕಾಲು ಸೋಲುತ್ತಿದ್ದವು. ಕೆಲವರು ಚೇತರಿಸಿಕೊಂಡರು, ಕೆಲವರು ಅಂಗವಿಕಲರಾದರು, ಕೆಲವರು ತೀರಿಹೋದರು. ಕೆಲವು ಅಧ್ಯಯನಗಳ ಪ್ರಕಾರ ಇಂತಹ ತೊಂದರೆ ಕೆಲವು ಸಾವಿರ ಮಂದಿಯಲ್ಲಿ ಒಬ್ಬರಿಗೆ; ಇನ್ನು ಕೆಲವದರಲ್ಲಿ ಕೆಲವು ನೂರು ಮಂದಿಯಲ್ಲೇ ಒಬ್ಬರಿಗೆ. ಹಳ್ಳಿಯವರು ಕಣ್ಣಾರೆ ಕಂಡದ್ದು ಸುಳ್ಳಾಗಿರಲಿಲ್ಲ.

ಇದಕ್ಕೆ ಕಾರಣ ರೋಗಾಣುವೋ ಮಿದುಳಿನ ಅಂಶವೋ ಎಂಬ ಪ್ರಶ್ನೆಯನ್ನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ಕೈಗೆತ್ತಿಕೊಂಡರು. ರೋಗವೇ ಇಲ್ಲದ ಆರೋಗ್ಯವಂತ ಮೊಲದ ಮಿದುಳಿನ ರಸವನ್ನು ಮಂಗಗಳಿಗೆ ತಿಂಗಳುಗಟ್ಟಲೆ ಚುಚ್ಚಿದರು. 1933 ಮತ್ತು 1935ರಲ್ಲಿ ಅವರು ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ವೈದ್ಯಲೋಕದ ಕಣ್ಣು ತೆರೆಸಿತು: ರೋಗಾಣುವೇ ಇಲ್ಲದಿದ್ದರೂ ಮಂಗಗಳ ಕೈಕಾಲು ಸೋತವು.

ನಡೆದದ್ದೇನು? ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನರತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಕುರಿಯ ಮಯಲಿನ್ ಮನುಷ್ಯನದನ್ನು ಬಹುಮಟ್ಟಿಗೆ ಹೋಲುತ್ತದೆ. ಮೈಸೇರಿದ ಕುರಿಯ ಮಯಲಿನ್ನನ್ನು ಶತ್ರುವೆಂದು ಭಾವಿಸಿದ ರೋಗನಿರೋಧಕ ವ್ಯವಸ್ಥೆ, ಅದನ್ನು ಹುಡುಕುತ್ತ ಹೋಗಿ ತನ್ನ ಮನೆಯ ನರಗಳ ಹೊದಿಕೆಯನ್ನೇ ಹರಿಯತೊಡಗುತ್ತದೆ. ಕಾವಲುಗಾರನೇ ಮನೆಯವರ ಮೇಲೆ ಕೈಮಾಡುವ ಈ ಬಗೆಯ ಕಾಯಿಲೆಗೆ ಇಂದು ಸ್ವಯಂನಿರೋಧಕ ರೋಗ ಅಥವಾ ಆಟೋಇಮ್ಯೂನ್ ಕಾಯಿಲೆ ಎಂಬ ಹೆಸರಿದೆ.

ನಮ್ಮ ನಾಡಿನ ವೈದ್ಯರೂ ಈ ವಿಷಯದಲ್ಲಿ ಕೈಕಟ್ಟಿ ಕೂರಲಿಲ್ಲ. ಫಿನಾಲ್ ಬದಲು ಬೇರೆ ರಾಸಾಯನಿಕ ಬಳಸಿದ ಲಸಿಕೆಯಲ್ಲೂ ಮಿದುಳಿನ ಅಂಶ ಉಳಿದೇ ಇತ್ತು. ಅದರಿಂದ ನರಗಳಿಗೆ ತೊಂದರೆಯಾದ ರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಪರೀಕ್ಷಿಸಿ 1984ರಲ್ಲಿ ವರದಿ ಪ್ರಕಟಿಸಿದರು. 1987ರಲ್ಲಿ ಥಾಯ್ಲೆಂಡಿನಲ್ಲಿ ಇಂತಹ ರೋಗಿಗಳ ಮೇಲೆ ನಡೆದ ಅಧ್ಯಯನ, ಅವರ ಶರೀರ ಮಯಲಿನ್ನಿನ ಒಂದು ಪ್ರೋಟೀನಿನ ವಿರುದ್ಧವೇ ತಿರುಗಿಬಿದ್ದಿದ್ದುದನ್ನು ತೋರಿಸಿತು.

ಇಲ್ಲಿ ಒಂದು ಕಹಿಮಾತನ್ನು ಹೇಳಲೇಬೇಕು. ಮಿದುಳಿನ ಲಸಿಕೆಯನ್ನು ಕೈಬಿಡುವಂತೆ ವಿಶ್ವ ಆರೋಗ್ಯ ಸಂಸ್ಥೆ 1984ರಿಂದಲೇ ಒತ್ತಾಯಿಸುತ್ತ ಬಂದಿತ್ತು. ಜೀವಕೋಶಗಳಲ್ಲಿ ಬೆಳೆಸಿದ ಶುದ್ಧ ಲಸಿಕೆ ಆಗಲೇ ಸಿದ್ಧವಾಗಿತ್ತು. ಭಾರತ ಹಳೆಯ ಲಸಿಕೆಯನ್ನು ನಿಲ್ಲಿಸಿದ್ದು 2004ರ ಡಿಸೆಂಬರಿನಲ್ಲಿ. ನಡುವಿನ ಇಪ್ಪತ್ತು ವರ್ಷ ಹಣವುಳ್ಳವರು ಔಷಧಿ ಅಂಗಡಿಯಿಂದ ಹೊಸ ಲಸಿಕೆ ಕೊಂಡರು. ಕೂಲಿಕಾರರ, ಕುರಿಗಾಹಿಗಳ ಮಕ್ಕಳು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಹೊಟ್ಟೆಗೆ ಸೂಜಿ ಮಾಡಿಸಿಕೊಂಡರು. ವಿಜ್ಞಾನ ಉತ್ತರ ಕಂಡುಕೊಂಡ ನಂತರವೂ ಬಡವರ ಶರೀರವೇ ಬೆಲೆ ತೆತ್ತಿತು. ಜನರ ಅಪನಂಬಿಕೆಯನ್ನು ದೂರುವ ಮೊದಲು ಈ ಸಂಗತಿಯನ್ನು ನೆನೆಯುವುದು ನ್ಯಾಯ.

ಆದರೆ ಆ ನೋವು ವ್ಯರ್ಥವಾಗಲಿಲ್ಲ. ಲಸಿಕೆಯ ಗೊಡವೆಯೇ ಇಲ್ಲದೆ, ತಾನಾಗಿಯೇ ಮಯಲಿನ್ ಕಳಚುವ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ರೋಗ ಜಗತ್ತಿನ ಲಕ್ಷಾಂತರ ಜನರನ್ನು, ಅದರಲ್ಲೂ ಯುವಕ ಯುವತಿಯರನ್ನು, ಕಾಡುತ್ತಿದೆ. ರಿವರ್ಸ್ ತೋರಿದ ದಾರಿಯಲ್ಲೇ ಪ್ರಾಣಿಗಳಲ್ಲಿ ನಡೆದ ಪ್ರಯೋಗಗಳು ಅದರ ಔಷಧಿಗೆ ಬಾಗಿಲು ತೆರೆದವು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಪ್ರಾಣಿಗಳಲ್ಲಿ ಈ ರೋಗ ಬರಿಸಲೆಂದು ಮಯಲಿನ್ ಪ್ರೋಟೀನನ್ನು ಹೋಲುವ ಪದಾರ್ಥವನ್ನು ತಯಾರಿಸಿದರೆ, ಅದು ರೋಗವನ್ನು ತಡೆಯಿತು! ಗ್ಲಾಟಿರಾಮರ್ ಎಂಬ ಆ ಔಷಧಿಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ನಮ್ಮ ಮಂಗಳೂರಿನಲ್ಲಿ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಇಂತಹ ರೋಗಿಗಳ ದಾಖಲಾತಿ ನಡೆಸಿ, ರಕ್ತಪರೀಕ್ಷೆಯಿಂದ ಒಂದು ಕಾಯಿಲೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಕೆಲಸ ಮಾಡುತ್ತ ಬಂದಿದ್ದಾರೆ. ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಮಲ್ಟಿಪಲ್ ಸ್ಕ್ಲೀರೋಸಿಸ್ ಇದೆಯೆಂದು 2014ರಲ್ಲಿ ಪ್ರಕಟವಾದ ಅವರ ಅಧ್ಯಯನ ತಿಳಿಸಿತು. ಇದು ಪರದೇಶದ ರೋಗ ಎಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲವಾಯಿತು.

ಇಂದಿನ ನಾಯಿಕಡಿತದ ಲಸಿಕೆಯಲ್ಲಿ ಮಿದುಳಿನ ಅಂಶವಿಲ್ಲ. ಅದನ್ನು ಹೊಟ್ಟೆಗಲ್ಲ, ತೋಳಿಗೆ ಕೊಡುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಕ್ರಮದಲ್ಲಿ ನಾಲ್ಕು ಸಲ ಹೋದರೆ ಸಾಕು: ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ. ನರಗಳಿಗೆ ತೊಂದರೆಯಾಗುವುದು ಅತ್ಯಂತ ವಿರಳ. ಕಚ್ಚಿದ ಕೂಡಲೇ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ ಹಚ್ಚಬಾರದು. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯೊಂದಿಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಹಳೆಯ ಭಯಕ್ಕೆ ಅಂಜಿ ನಾಟಿ ಮದ್ದಿನಲ್ಲಿ ದಿನ ಕಳೆದರೆ ಮಗು ಕೈತಪ್ಪುತ್ತದೆ.

ಈ ಮಾತುಗಳನ್ನು ಆಸ್ಪತ್ರೆಯ ಗೋಡೆಯ ಮೇಲೆ ಬರೆದರೆ ಸಾಲದು. ‘ಸೂಜಿ ಮಾಡಿಸಿಕೊಳ್ಳಿ’ ಎಂದು ಅಪ್ಪಣೆ ಕೊಡುವವನಿಗಿಂತ, ‘ನಿಮ್ಮ ಅಜ್ಜಿ ಹೇಳಿದ್ದು ನಿಜ, ಆ ಸೂಜಿ ಹೋಯಿತು, ಇದು ಬೇರೆ’ ಎಂದು ಹೇಳುವವನನ್ನು ಜನ ನಂಬುತ್ತಾರೆ. ಸರಕಾರಿ ವೈದ್ಯರು, ಆಶಾ ಕಾರ್ಯಕರ್ತೆಯರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ನಮ್ಮ ಧರ್ಮಕೇಂದ್ರಗಳ ಶಾಲೆಗಳಲ್ಲಿ, ಮಹಿಳಾ ಸಂಘಗಳಲ್ಲಿ, ಭಾನುವಾರದ ಪೂಜೆಯ ನಂತರದ ಐದು ನಿಮಿಷಗಳಲ್ಲಿ ಇದನ್ನು ಹೇಳಲು ತಡೆಯೇನೂ ಇಲ್ಲ. ವೈದ್ಯನನ್ನು ಗೌರವಿಸಬೇಕೆಂದು ಕಲಿಸುವ ಸಿರಾಖನ ಗ್ರಂಥದ 38ನೆಯ ಅಧ್ಯಾಯ, ರೋಗಿಯ ಪ್ರಾರ್ಥನೆಯನ್ನೂ ವೈದ್ಯನ ಕೈಗುಣವನ್ನೂ ಒಟ್ಟಿಗೇ ಇಟ್ಟಿದೆ.

ಇನ್ನೊಂದು ವಿಷಯ. ಮನೆಯಲ್ಲಿ ಯಾರಿಗಾದರೂ ಕಾಲು ಜೋಮುಗಟ್ಟಿ ದಿನದಿಂದ ದಿನಕ್ಕೆ ಬಲ ಕುಂದುತ್ತಿದ್ದರೆ, ಒಂದು ಕಣ್ಣು ಏಕಾಏಕಿ ಮಂಜಾದರೆ, ಅದನ್ನು ಗಾಳಿಸೋಂಕೆಂದೋ ನಿಶ್ಶಕ್ತಿಯೆಂದೋ ಎಣಿಸಿ ಕಾಯುವುದು ಬೇಡ. ಬೇಗ ಹೋದವರಿಗೆ ಇಂದು ಚಿಕಿತ್ಸೆಯಿದೆ. ಬೆಳಗಾವಿಯ ದೊಡ್ಡ ಆಸ್ಪತ್ರೆಗಳು ಬೀಡಿಯಿಂದ ತೀರ ದೂರವೇನಲ್ಲ. ಆ ಚಿಕಿತ್ಸೆಗೆ ಆಧಾರವಾದ ತಿಳುವಳಿಕೆಯಲ್ಲಿ ಹದಿನಾಲ್ಕು ಸೂಜಿ ಮಾಡಿಸಿಕೊಂಡು ಕಾಲು ಕಳೆದುಕೊಂಡ ಹೆಸರಿಲ್ಲದ ಬಡವರ ಪಾಲೂ ಇದೆ. ನಮ್ಮ ಮಕ್ಕಳಿಗೆ ಸಮಯಕ್ಕೆ ಸರಿಯಾಗಿ ಲಸಿಕೆ ಕೊಡಿಸುವುದೇ ಅವರಿಗೆ ನಾವು ಸಲ್ಲಿಸಬಹುದಾದ ಋಣ.