ರಸ್ತೆಯಲ್ಲಿ ಮೊದಲ ಸಲಾಮ್ ಯಾರದ್ದು?

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡ್ ಜೂನ್ ತಿಂಗಳಲ್ಲಿ ತುಂಬಿರುತ್ತದೆ. ಹತ್ತನೇ ತರಗತಿ ಮುಗಿಸಿ ಬಂದವರ ಸೈಕಲ್‌ಗಳು ಹ್ಯಾಂಡಲ್‌ಗೆ ಹ್ಯಾಂಡಲ್ ಸಿಕ್ಕಿಸಿಕೊಂಡು ನಿಂತಿರುತ್ತವೆ. ದಸರಾ ರಜೆ ಮುಗಿಯುವಷ್ಟರಲ್ಲಿ ಸ್ಟ್ಯಾಂಡ್ ಅರ್ಧ ಖಾಲಿ. ದ್ವಿತೀಯ ಪಿಯುಸಿಗೆ ಬರುವಾಗ ಒಂದು ಬ್ಯಾಚಿನ ಸೈಕಲ್‌ಗಳನ್ನು ಬೆರಳಿನಲ್ಲಿ ಎಣಿಸಬಹುದು. ಉಳಿದವು ಎಲ್ಲಿಗೆ ಹೋದವು? ಕೆಲವರು ಬಸ್ಸು ಹಿಡಿದರು. ಕೆಲವರು ಬೈಕಿಗೆ ಬಡ್ತಿ ಪಡೆದರು. ವಿದ್ಯಾರ್ಥಿಗಳು ಬೈಕ್ ತರಬಾರದು ಎಂಬ ನಿಯಮ ಇರುವುದರಿಂದ ಆ ಬೈಕ್‌ಗಳು ಗೇಟಿನ ಹೊರಗೆ ಅಂಗಡಿಗಳ ಹಿಂದೆ ನಿಲ್ಲುತ್ತವೆ. ಇದು ನಮಗೂ ಗೊತ್ತು, ನಮ್ಮ ಉಪನ್ಯಾಸಕರಿಗೂ ಗೊತ್ತು.

ಸೈಕಲ್ ಬಿಟ್ಟವರನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತದೆ. ಹುಡುಗರ ಉತ್ತರ: "ನಾಚಿಕೆ ಆಗ್ತದೆ ಮಾರಾಯ." ಹುಡುಗಿಯರ ಉತ್ತರ: "ಮನೆಯಲ್ಲಿ ಬಿಡುವುದಿಲ್ಲ. ರೋಡ್ ಸರಿ ಇಲ್ಲ ಅಂತ ಹೇಳ್ತಾರೆ." ರೋಡ್ ಸರಿ ಇಲ್ಲ ಎಂದರೆ ಹೊಂಡ ಬಿದ್ದಿದೆ ಎಂಬ ಅರ್ಥದಲ್ಲಿ ಅಲ್ಲ. ಅದರಲ್ಲಿ ಓಡಾಡುವವರ ಗುಣ ಸರಿ ಇಲ್ಲ ಎಂಬ ಅರ್ಥದಲ್ಲಿ. ಈ ಎರಡೂ ಉತ್ತರಗಳ ಬೇರು ಒಂದೇ ಎಂದು ನನಗೆ ಅನಿಸುತ್ತದೆ. ನಮ್ಮ ರಸ್ತೆಯಲ್ಲಿ ಸೈಕಲ್‌ನವನಿಗೆ ಮರ್ಯಾದೆ ಇಲ್ಲ. ಮರ್ಯಾದೆ ಇಲ್ಲದ ಕಡೆ ನಾಚಿಕೆಯೂ ಇರುತ್ತದೆ, ಹೆದರಿಕೆಯೂ ಇರುತ್ತದೆ.

ಇದನ್ನು ಸಣ್ಣ ವಿಷಯ ಎಂದು ತಳ್ಳಿಹಾಕಬಾರದು. 2006-07ರಲ್ಲಿ ಕರ್ನಾಟಕ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ನಮ್ಮ ಅಕ್ಕ, ಅಣ್ಣಂದಿರಲ್ಲಿ ಅನೇಕರು ಆ ಸೈಕಲ್‌ನಲ್ಲೇ ಹೈಸ್ಕೂಲ್ ಮುಗಿಸಿದವರು. ಹೈಸ್ಕೂಲ್ ಮೂರು ಕಿಲೋಮೀಟರ್ ದೂರ ಇದೆ ಎಂಬ ಕಾರಣಕ್ಕೆ ಹುಡುಗಿಯರ ಓದು ನಿಲ್ಲಬಾರದು ಎಂಬುದು ಅದರ ಹಿಂದಿದ್ದ ಯೋಚನೆ. ಸೈಕಲ್ ಎಂದರೆ ಬಸ್ಸಿಗೆ ಕಾಯದೆ, ಯಾರ ಹತ್ತಿರವೂ ಬಿಡಿ ಎಂದು ಕೇಳದೆ, ತನ್ನ ಕಾಲಿನ ಬಲದಲ್ಲಿ ಹೋಗಿ ಬರುವ ಸ್ವಾತಂತ್ರ್ಯ. ಸರಕಾರ ಸೈಕಲ್ ಕೊಡಬಹುದು. ಆದರೆ ರಸ್ತೆಯಲ್ಲಿ ಎರಡು ಅಡಿ ಜಾಗ ಕೊಡಬೇಕಾದವರು ನಾವು. ನಾವು ಕೊಡದಿದ್ದರೆ ಸೈಕಲ್ ಮನೆಯ ಹಿಂದೆ ತುಕ್ಕು ಹಿಡಿಯುತ್ತದೆ, ಹುಡುಗಿ ಬಸ್ ಸ್ಟಾಪಿನಲ್ಲಿ ಕಾಯುತ್ತಾಳೆ.

ಈಗ ನಮ್ಮ ಊರಿನ ರಸ್ತೆಗಳಲ್ಲಿ ಸೈಕಲ್ ತುಳಿಯುವವರು ಯಾರು ಎಂದು ನೋಡಿ. ಬೆಳಿಗ್ಗೆ ಆರೂವರೆಗೆ ಮದರಸಕ್ಕೆ ಹೋಗುವ ಚಿಕ್ಕ ಮಕ್ಕಳು. ಪೇಪರ್ ಹಾಕುವ ಹುಡುಗರು. ರಾತ್ರಿ ಕೆಲಸ ಮುಗಿಸಿ ಬಾಡಿಗೆ ರೂಮಿಗೆ ಹಿಂತಿರುಗುವ ಬಿಹಾರ, ಜಾರ್ಖಂಡ್, ಒಡಿಶಾದ ಕಾರ್ಮಿಕರು. ಒಂದು ಕಾಲದಲ್ಲಿ ಮೀನಿನವರೂ ಸೈಕಲ್‌ನಲ್ಲೇ ಬರುತ್ತಿದ್ದರು. ಈಗ ಬಹುತೇಕ ಎಲ್ಲರೂ ಮೊಪೆಡ್‌ಗೆ ಬದಲಾಗಿದ್ದಾರೆ. ಅಂದರೆ ಸೈಕಲ್ ಉಳಿದಿರುವುದು ಮಕ್ಕಳ ಕೈಯಲ್ಲಿ ಮತ್ತು ಬಡವರ ಕೈಯಲ್ಲಿ. ಹಿಂದಿನಿಂದ ಬರುವ ವಾಹನದ ಹಾರ್ನ್ ಅವರಿಗೆ ಹೇಳುವುದು "ನಾನು ಬರುತ್ತಿದ್ದೇನೆ, ಜಾಗ್ರತೆ" ಎಂದಲ್ಲ. "ಇಳಿ ಕೆಳಗೆ" ಎಂದು. ದೊಡ್ಡ ಕಾರಿಗೆ ತಾನಾಗಿಯೇ ದಾರಿ ಬಿಡುವವರು ಸೈಕಲ್‌ನವನನ್ನು ಮಣ್ಣಿಗೆ ಇಳಿಸುತ್ತಾರೆ. ವಾಹನದ ಬೆಲೆ ನೋಡಿ ಮರ್ಯಾದೆ ಕೊಡುವ ಈ ಅಭ್ಯಾಸಕ್ಕೆ ಟ್ರಾಫಿಕ್ ನಿಯಮ ಎಂಬ ಹೆಸರಿಲ್ಲ. ಅದಕ್ಕೆ ಬೇರೆಯೇ ಹೆಸರಿದೆ.

ಮಣ್ಣಿಗೆ ಇಳಿಯುವುದೂ ಸುಲಭವಲ್ಲ. ನಾಲ್ಕು ತಿಂಗಳು ಮಳೆ ಸುರಿಯುವ ಕರಾವಳಿಯಲ್ಲಿ ಡಾಮರಿನ ಅಂಚು ಕೊರೆದು ಹೋಗಿರುತ್ತದೆ. ರಸ್ತೆಗೂ ಪಕ್ಕದ ಮಣ್ಣಿಗೂ ನಡುವೆ ಎಷ್ಟೋ ಕಡೆ ಒಂದು ಗೇಣು ತಗ್ಗು. ಓಡುತ್ತಿರುವ ಸೈಕಲ್‌ನ ಚಕ್ರ ಆ ಅಂಚಿಗೆ ಸಿಕ್ಕಿದರೆ ಬೀಳುವುದು ಬಲಗಡೆಗೂ ಆಗಬಹುದು, ಅಂದರೆ ಬಸ್ಸಿನ ಚಕ್ರದ ಕಡೆಗೆ. ಕಾರಿನಲ್ಲಿ ಕುಳಿತವರಿಗೆ ಈ ಅಂಚು ಕಾಣುವುದೇ ಇಲ್ಲ. "ಅಷ್ಟು ಜಾಗ ಇತ್ತಲ್ಲ, ಬದಿಗೆ ಹೋಗಬಾರದಿತ್ತಾ?" ಎಂದು ಕೇಳುವುದು ಅದಕ್ಕೇ.

ವಿಜ್ಞಾನ ವಿಭಾಗದವರಿಗೆ ಒಂದು ಲೆಕ್ಕ. ಚಲನ ಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಸೈಕಲ್ ಮತ್ತು ಸವಾರ ಸೇರಿ 75 ಕಿಲೋ, ವೇಗ ಗಂಟೆಗೆ 15 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಕಾರಿನ ತೂಕ 1200 ಕಿಲೋ, ವೇಗ ಗಂಟೆಗೆ 60 ಕಿಲೋಮೀಟರ್. ತೂಕ 16 ಪಟ್ಟು. ವೇಗ 4 ಪಟ್ಟು, ಅದರ ವರ್ಗ 16. ಹದಿನಾರನ್ನು ಹದಿನಾರರಿಂದ ಗುಣಿಸಿದರೆ 256. ಆ ಕಾರು ಹೊತ್ತು ತರುವ ಶಕ್ತಿ ಸೈಕಲ್‌ನ ಶಕ್ತಿಯ 256 ಪಟ್ಟು. ಅದೇ ಕಾರು ವೇಗವನ್ನು 30ಕ್ಕೆ ಇಳಿಸಿದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ಈ ಸೂತ್ರ ಸಂಜೆ ನಾಲ್ಕಕ್ಕೆ ನಮ್ಮ ಗೇಟಿನ ಮುಂದೆ ಓಡಾಡುತ್ತಿರುತ್ತದೆ. "ತಪ್ಪು ಇಬ್ಬರದ್ದೂ ಇರುತ್ತದೆ" ಎಂದು ಹೇಳುವುದು ಸುಲಭ. ತಪ್ಪು ಇಬ್ಬರದ್ದೂ ಇರಬಹುದು, ಆದರೆ ಪೆಟ್ಟು ಇಬ್ಬರಿಗೂ ಸಮನಾಗಿ ಬೀಳುವುದಿಲ್ಲ.

ಹಾಗಾದರೆ ಮೊದಲು ತಗ್ಗಬೇಕಾದವರು ಯಾರು? ಇದಕ್ಕೆ ಉತ್ತರ ನಮ್ಮಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲೇ ಮದರಸದಲ್ಲಿ ಕಲಿತ ಶಿಷ್ಟಾಚಾರದಲ್ಲಿದೆ. ಎದುರಾದಾಗ ಸಲಾಮ್ ಮೊದಲು ಯಾರು ಹೇಳಬೇಕು ಎಂಬುದಕ್ಕೆ ಪ್ರವಾದಿ(ಸ) ಒಂದು ಕ್ರಮ ಕಲಿಸಿದ್ದಾರೆ. ಸವಾರಿಯಲ್ಲಿ ಇರುವವರು ನಡೆದು ಹೋಗುವವರಿಗೆ ಮೊದಲು ಹೇಳಬೇಕು, ನಡೆಯುವವರು ಕುಳಿತವರಿಗೆ. ಎತ್ತರದಲ್ಲಿ, ವೇಗದಲ್ಲಿ ಇರುವವನೇ ಮೊದಲು ವಿನಯ ತೋರಬೇಕು ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಈ ಕಾಲೇಜಿನ ಬೇರೆ ಧರ್ಮದ ಗೆಳೆಯರಿಗೂ ಇದು ಹೊಸ ಮಾತಲ್ಲ. ದೊಡ್ಡವನಾದವನು ತಗ್ಗಿ ನಡೆಯಬೇಕು ಎಂಬುದನ್ನು ಎಲ್ಲರ ಮನೆಯಲ್ಲೂ ಹೇಳಿಕೊಡುತ್ತಾರೆ.

ಇದೇ ವಿಚಾರ ಈಗ ಕೆಲವು ದೇಶಗಳ ರಸ್ತೆ ನಿಯಮಕ್ಕೂ ಬಂದಿದೆ. ಬ್ರಿಟನ್‌ನ ಹೈವೇ ಕೋಡ್‌ಗೆ 2022ರ ಜನವರಿಯಲ್ಲಿ ತಿದ್ದುಪಡಿ ಮಾಡಿದಾಗ, ಹೆಚ್ಚು ಹಾನಿ ಮಾಡಬಲ್ಲ ವಾಹನದವರ ಮೇಲೆ ಹೆಚ್ಚು ಹೊಣೆ ಎಂಬ ತತ್ವವನ್ನು ಅದರಲ್ಲಿ ಸೇರಿಸಿದರು. ಸೈಕಲ್ ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಇರಬೇಕು, ವೇಗ ಹೆಚ್ಚಿದ್ದರೆ ಇನ್ನೂ ಹೆಚ್ಚು ಎಂದೂ ಅದು ಹೇಳುತ್ತದೆ. ಒಂದೂವರೆ ಮೀಟರ್ ಎಂದರೆ ಸುಮಾರು ಐದು ಅಡಿ. ನಮ್ಮ ಕಿರಿದಾದ ರಸ್ತೆಯಲ್ಲಿ ಅಷ್ಟು ಜಾಗ ಎಲ್ಲಿದೆ ಎಂದು ಕೇಳಬಹುದು. ಜಾಗ ಇಲ್ಲದಿದ್ದರೆ ಹಿಂದೆ ನಿಧಾನ ಬರುವುದು ಎಂದೇ ಅದರ ಅರ್ಥ. ಎದುರಿನ ವಾಹನ ದಾಟುವ ತನಕ ಹತ್ತು ಸೆಕೆಂಡು ಕಾದರೆ ಯಾರ ಕೆಲಸವೂ ಕೆಡುವುದಿಲ್ಲ.

ವಾಹನ ಓಡಿಸುವವರು ಮಾಡಬೇಕಾದ ಉಳಿದ ಕೆಲಸಗಳೂ ಕಷ್ಟದವಲ್ಲ. ಸೈಕಲ್ ದಾಟಿದ ತಕ್ಷಣ ಅದರ ಮುಂದೆಯೇ ಎಡಕ್ಕೆ ತಿರುಗಬೇಡಿ. ತಿರುಗುವುದಿದ್ದರೆ ಅದರ ಹಿಂದೆಯೇ ಇರಿ. ರಾತ್ರಿ ಎದುರಿಗೆ ಸೈಕಲ್ ಕಂಡರೂ ಹೆಡ್‌ಲೈಟ್ ಡಿಮ್ ಮಾಡಿ. ಎದುರು ಬರುವ ಲಾರಿಗೆ ಮಾಡುವ ಉಪಕಾರವನ್ನು ಸೈಕಲ್‌ಗೂ ಮಾಡಬಹುದು. ಮಳೆಗಾಲದಲ್ಲಿ ನೀರು ನಿಂತ ಹೊಂಡದ ಬಳಿ ವೇಗ ಇಳಿಸಿ. ಬೆಳಿಗ್ಗೆ ಇಸ್ತ್ರಿ ಹಾಕಿದ ಬಿಳಿ ಯೂನಿಫಾರ್ಮ್‌ನಲ್ಲಿ ಕೆಸರು ಹೊತ್ತು ಇಡೀ ದಿನ ಕ್ಲಾಸಿನಲ್ಲಿ ಕುಳಿತುಕೊಳ್ಳುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಸೈಕಲ್‌ನ ಬೆನ್ನ ಹಿಂದೆಯೇ ಬಂದು ಹಾರ್ನ್ ಹೊಡೆಯಬೇಡಿ. ಬೆಚ್ಚಿಬಿದ್ದವನ ಹ್ಯಾಂಡಲ್ ಯಾವ ಕಡೆ ತಿರುಗುತ್ತದೆ ಎಂದು ಹೇಳಲಾಗದು. ಬೇರೆ ಬೇರೆ ಸ್ವರದಲ್ಲಿ ಕಿರುಚುವ ಕರ್ಕಶ ಹಾರ್ನ್‌ಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳೇ ನಿಷೇಧಿಸಿವೆ.

ಕಾರಿನಲ್ಲಿ ಬರುವ ನಮ್ಮ ಉಪನ್ಯಾಸಕರಿಗೂ ಒಂದು ವಿನಂತಿ. ರಸ್ತೆಯ ಎಡಬದಿಯಲ್ಲಿ ಕಾರು ನಿಲ್ಲಿಸಿ ಇಳಿಯುವಾಗ ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಎಡಗೈ ಬಲಕ್ಕೆ ಚಾಚಿದಾಗ ದೇಹವೂ ತಿರುಗುತ್ತದೆ, ಕಣ್ಣು ತಾನಾಗಿಯೇ ಹಿಂದಕ್ಕೆ ಹೋಗುತ್ತದೆ, ಬರುತ್ತಿರುವ ಸೈಕಲ್ ಕಾಣುತ್ತದೆ. ನೆದರ್‌ಲ್ಯಾಂಡ್ಸ್‌ನ ಹೆಸರಿನಲ್ಲಿ ಪ್ರಸಿದ್ಧವಾದ ಈ ಅಭ್ಯಾಸಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಬಸ್ಸಿನ ಡ್ರೈವರ್‌ಗಳನ್ನು ಬೈಯುವುದು ನಮಗೆ ಅಭ್ಯಾಸವಾಗಿದೆ. ಆದರೆ ಅವರ ಕಡೆಯಿಂದಲೂ ನೋಡಬೇಕು. ನಮ್ಮ ಕಡೆ ಖಾಸಗಿ ಬಸ್ಸುಗಳು ನಿಮಿಷಗಳ ಅಂತರದಲ್ಲಿ ಓಡುತ್ತವೆ. ಸ್ಟ್ಯಾಂಡಿಗೆ ತಡವಾಗಿ ಬಂದರೆ ಟೈಮ್ ಕೀಪರ್ ಬಿಡುವುದಿಲ್ಲ, ಹಿಂದಿನ ಬಸ್ಸಿನವರು ಜಗಳಕ್ಕೆ ಬರುತ್ತಾರೆ. ಬಸ್ಸಿನ ಒಳಗಿರುವ ನಾವೂ "ಸ್ವಲ್ಪ ಬೇಗ ಬಿಡಿ, ಕ್ಲಾಸಿಗೆ ಲೇಟಾಗ್ತದೆ" ಎನ್ನುತ್ತೇವೆ. ಅಷ್ಟು ಎತ್ತರದಲ್ಲಿ ಕುಳಿತವರಿಗೆ ಬಸ್ಸಿನ ಎಡಬದಿಗೆ ಅಂಟಿಕೊಂಡು ಬರುವ ಸೈಕಲ್ ಕಾಣುವುದೂ ಇಲ್ಲ. ಅವರ ಸಹನೆ ಹೆಚ್ಚಬೇಕಾದರೆ ಅವರ ಸಮಯದ ಪಟ್ಟಿಯೂ ಸಡಿಲವಾಗಬೇಕು. ಅದು ನಮ್ಮ ಕೈಯಲ್ಲಿಲ್ಲ. ಅವಸರ ಮಾಡಿಸದೆ ಇರುವುದು ನಮ್ಮ ಕೈಯಲ್ಲಿದೆ.

ಸೈಕಲ್‌ನವರಿಗೂ ಹೇಳಲೇಬೇಕಾದ ಮಾತುಗಳಿವೆ. "ನಮ್ಮದು ಚಿಕ್ಕ ವಾಹನ, ನಮಗೆ ನಿಯಮ ಇಲ್ಲ" ಎಂಬ ಧೋರಣೆ ನಮ್ಮಲ್ಲೂ ಇದೆ. ಹತ್ತಿರವಾಗುತ್ತದೆ ಎಂದು ರಾಂಗ್ ಸೈಡಿನಲ್ಲಿ ಬರುವುದು, ಮೂವರು ಸಾಲಾಗಿ ಮಾತಾಡುತ್ತ ಹೋಗುವುದು, ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿಯುವುದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದು, ಕೈ ತೋರಿಸದೆ ದಿಢೀರ್ ಬಲಕ್ಕೆ ತಿರುಗುವುದು. ಇವೆಲ್ಲ ಹಿಂದೆ ಬರುವವನ ಎದೆ ನಡುಗಿಸುವ ಕೆಲಸಗಳು. ಕತ್ತಲಲ್ಲಿ ಲೈಟೂ ಇಲ್ಲದೆ, ಹಿಂದೆ ರಿಫ್ಲೆಕ್ಟರೂ ಇಲ್ಲದೆ ಕಪ್ಪು ಬಟ್ಟೆಯಲ್ಲಿ ಹೋದರೆ ಎಷ್ಟೇ ಒಳ್ಳೆಯ ಡ್ರೈವರ್‌ಗೂ ಕಾಣುವುದಿಲ್ಲ. ಡ್ರೈವರ್ ನಮಗೆ ಜಾಗ ಕೊಡಬೇಕು. ನಾವು ಅವರಿಗೆ ಕಾಣುವ ಹಾಗೆ, ಏನು ಮಾಡುತ್ತೇವೆಂದು ತಿಳಿಯುವ ಹಾಗೆ ಹೋಗಬೇಕು. ಜಾಗ ಬಿಟ್ಟವರಿಗೆ ಒಮ್ಮೆ ಕೈ ಎತ್ತಿ ನಕ್ಕರೆ ಅವರು ಮುಂದಿನ ಸೈಕಲ್‌ಗೂ ಜಾಗ ಬಿಡುತ್ತಾರೆ.

ಇನ್ನು ಅಂಗಡಿಗಳ ಹಿಂದೆ ನಿಲ್ಲುವ ಬೈಕ್‌ಗಳ ವಿಷಯ. ಗೇರ್ ಇಲ್ಲದ 50 ಸಿ.ಸಿ. ಒಳಗಿನ ವಾಹನಕ್ಕೆ ಮಾತ್ರ 16 ವರ್ಷಕ್ಕೆ ಲೈಸೆನ್ಸ್ ಸಿಗುತ್ತದೆ. ಈಗ ಮನೆಗಳಲ್ಲಿರುವ ಸ್ಕೂಟರ್‌ಗಳು ಹೆಚ್ಚಾಗಿ 100 ಸಿ.ಸಿ. ದಾಟಿದವು, ಅವುಗಳಿಗೆ 18 ತುಂಬಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದವನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಗಲ್ಫಿನಲ್ಲಿ ದುಡಿಯುವ ತಂದೆಯ ಹೆಸರಿನಲ್ಲಿ ವಾಹನ ಇರುವ ಮನೆಗಳವರು ಇದನ್ನು ಎರಡು ಸಲ ಓದಿಕೊಳ್ಳಲಿ. ಕಾನೂನು ಬಿಟ್ಟರೂ ಇನ್ನೊಂದು ಮಾತಿದೆ. ನಿನ್ನೆಯವರೆಗೆ ಸೈಕಲ್ ತುಳಿದವನು ಇವತ್ತು ಬೈಕ್ ಸಿಕ್ಕಿದ ಕೂಡಲೇ ತಮ್ಮನ ವಯಸ್ಸಿನ ಹುಡುಗನಿಗೆ ಹಾರ್ನ್ ಹೊಡೆದು ಮಣ್ಣಿಗೆ ಇಳಿಸುತ್ತಾನೆ. ರಸ್ತೆಯ ಅಂಚು ಎಷ್ಟು ತಗ್ಗಿದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೇಳಿ ಮುಗಿಸಿದರೆ ಸಾಲದು, ಆದ್ದರಿಂದ ಮೂರು ಸಲಹೆಗಳನ್ನು ಮುಂದಿಡುತ್ತೇನೆ. ಒಂದು, ಸಂಜೆ ಬೆಲ್ ಹೊಡೆದ ಮೇಲೆ ಮೊದಲ ಐದು ನಿಮಿಷ ನಡೆಯುವವರು ಮತ್ತು ಸೈಕಲ್‌ನವರು ಮಾತ್ರ ಹೊರಡಲಿ, ಬೈಕ್ ಮತ್ತು ಕಾರುಗಳು ಆಮೇಲೆ. ಎರಡು, ನಮ್ಮ ಎನ್‌ಎಸ್‌ಎಸ್ ಘಟಕ ಒಂದು ಶನಿವಾರ ರಿಫ್ಲೆಕ್ಟರ್ ಟೇಪ್ ತಂದು ಸ್ಟ್ಯಾಂಡಿನ ಎಲ್ಲ ಸೈಕಲ್‌ಗಳಿಗೆ ಅಂಟಿಸಲಿ. ಉಳಿದ ಟೇಪ್ ಹಿಡಿದುಕೊಂಡು ಕಾರ್ಮಿಕರ ರೂಮುಗಳ ಬಳಿ ಹೋಗಲಿ. ಕೈಯಳತೆಯ ಒಂದು ತುಂಡು ಟೇಪ್ ಒಬ್ಬ ಮಗನನ್ನು ದೂರದ ಊರಿನ ತಾಯಿಗೆ ಉಳಿಸಿಕೊಡಬಹುದು. ಮೂರು, ಹೆತ್ತವರ ಸಭೆಯಲ್ಲಿ ಅಂಕಗಳ ಮಾತಿನ ಜೊತೆಗೆ ರಸ್ತೆಯ ಮಾತೂ ಬರಲಿ. ಮಗಳಿಗೆ ಸೈಕಲ್ ಬಿಡಿಸುವ ತಂದೆಯೇ ಬೇರೆಯವರ ಮಗಳ ಪಕ್ಕದಲ್ಲಿ ಹೇಗೆ ಕಾರು ಓಡಿಸುತ್ತಾರೆ ಎಂದು ಅವರೇ ಯೋಚಿಸಲಿ.

ನಮ್ಮಲ್ಲಿ ಹೆಚ್ಚಿನವರು ಇನ್ನೆರಡು ಮೂರು ವರ್ಷಗಳಲ್ಲಿ ಲೈಸೆನ್ಸ್ ಪಡೆಯುತ್ತೇವೆ. ಆಗ ಪರೀಕ್ಷೆಯಲ್ಲಿ ಎಂಟು ಹಾಕುವುದನ್ನು ನೋಡುತ್ತಾರೆ, ಚಿಹ್ನೆಗಳನ್ನು ಕೇಳುತ್ತಾರೆ. ಮುಂದೆ ಹೋಗುತ್ತಿರುವ ಸೈಕಲ್‌ನ ಹಿಂದೆ ಹಾರ್ನ್ ಹೊಡೆಯದೆ ಹತ್ತು ಸೆಕೆಂಡು ತಾಳುತ್ತೀಯಾ ಎಂದು ಯಾರೂ ಕೇಳುವುದಿಲ್ಲ. ಅದನ್ನು ನಾವೇ ನಮ್ಮನ್ನು ಕೇಳಿಕೊಳ್ಳಬೇಕು.